ದೋಣಿಗೆ ಎತ್ತಿದ ಪಟ್ಟಿ

ನಿಪ್ಪಾಣಿಯಿಂದ ಸೋದರಿಯೊಬ್ಬರು ಈ ಪುಟಕ್ಕೆ ಕಾಗದ ಬರೆದಿರುವರು. ಅವರ ಮಗನು ನೌಕರಿಯ ನಿಮಿತ್ತ ಪರದೇಶದಲ್ಲಿರುವನು. ಅಲ್ಲಿ ಅವನ ನೆರೆಹೊರೆಯವರು ಚಳಿಗಾಲದ ಬಿಡುವಿನಲ್ಲಿ ಕೂಡಿಕೊಂಡು, ಕೈಗೆಲಸದಿಂದಲೇ ಕಟ್ಟಿಗೆಯ ಒಂದು ಕಯಾಕನ್ನು ಕಟ್ಟಿದರಂತೆ. ಅದನ್ನು ಲಿಲಾವಿಗೆ ಹಾಕಿ ಬಂದ ಹಣವನ್ನು ಮಕ್ಕಳ ಆಸ್ಪತ್ರೆಗೆ ಒಪ್ಪಿಸಿದರಂತೆ. “ನಮ್ಮಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಯರು ಹರಿಯುತ್ತಿರುವಾಗ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆಸಾಲಿನವರು ಹೀಗೇಕೆ ಮಾಡಬಾರದು?” ಎಂದು ಅವರು ಕೇಳಿರುವರು.

ಪ್ರಶ್ನೆಯು ಬಹಳ ಒಳ್ಳೆಯದು. ಆದರೆ ಇದಕ್ಕೆ ಉತ್ತರ ಕೊಡಹೋದರೆ ನನ್ನದೇ ಒಂದು ಹಳೆಯ ತಪ್ಪನ್ನು ಹೊರಗೆ ಹಾಕಬೇಕಾಗುವುದರಿಂದ, ಕಾಗದವನ್ನು ಎರಡು ತಿಂಗಳು ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆನು. ಸೋದರಿಯವರು ಕ್ಷಮಿಸಬೇಕು.

ಮೊದಲು ಕಯಾಕೆಂದರೇನೆಂಬುದನ್ನು ಹೇಳಿಬಿಡುವೆನು. ಹೆಸರನ್ನು ಕೇಳಿದೊಡನೆ ನಮ್ಮ ಕಡೆಯವರಿಗೆ ‘ಕಾಯಕ’ವೆಂಬ ಮಾತು ನೆನಪಾಗುವುದು ಸಹಜ; ದೋಣಿ ನಡೆಸುವುದನ್ನೇ ಕಾಯಕವೆಂದು ಹಿಡಿದ ಅಂಬಿಗರ ಚೌಡಯ್ಯನವರ ನಾಡು ಇದು. ಆದರೆ ಎರಡಕ್ಕೂ ಸಂಬಂಧವಿಲ್ಲ. ಕಯಾಕೆಂಬುದು ಉತ್ತರ ಧ್ರುವದ ಸಮೀಪದ ಹಿಮದ ನಾಡಿನಲ್ಲಿರುವ ಇನೂಯಿಟ್ ಜನರ ಮಾತು. ಅದು ಒಬ್ಬನೇ ಕುಳಿತು, ಎರಡೂ ತುದಿಗೆ ಅಲಗುಳ್ಳ ಒಂದು ಹುಟ್ಟಿನಿಂದ ನಡೆಸುವ ನೀಳವಾದ, ಸಪುರವಾದ ಬೇಟೆಯ ದೋಣಿ. ಗಿಡಮರಗಳು ಬೆಳೆಯದ ಆ ನಾಡಿನಲ್ಲಿ ಸಮುದ್ರದಲ್ಲಿ ತೇಲಿಬಂದ ಕಟ್ಟಿಗೆಯನ್ನೂ ಎಲುಬನ್ನೂ ಜೋಡಿಸಿ ಹಂದರ ಕಟ್ಟಿ, ಅದರ ಮೇಲೆ ಸೀಲೆಂಬ ಪ್ರಾಣಿಯ ತೊಗಲನ್ನು ಬಿಗಿಯುತ್ತಿದ್ದರು. ಹಂದರವು ಗಂಡಸರ ಕೆಲಸ. ತೊಗಲು ಹೊಲಿಯುವುದು ಹೆಂಗಸರ ಕೆಲಸ. ಸೂಜಿಯು ತೊಗಲಿನ ಅರ್ಧ ದಪ್ಪದಲ್ಲಿಯೇ ನುಸುಳಿ ಹೊರಬರಬೇಕು, ಆರಪಾರಾಗಿ ತೂತು ಬೀಳಬಾರದು. ಆಗಲೇ ನೀರು ಒಳಗೆ ಬಾರದು. ಮನೆಯಲ್ಲಿ ಕೌದಿ ಹೊಲಿಯುವ ನಮ್ಮ ತಾಯಂದಿರಿಗೆ ಈ ಹೊಲಿಗೆಯ ಕಷ್ಟವು ನನಗಿಂತ ಚೆನ್ನಾಗಿ ತಿಳಿದೀತು. ಗಂಡನು ಸಮುದ್ರದಿಂದ ಜೀವಂತವಾಗಿ ಮರಳುವುದು ಹೆಂಡತಿಯ ಸೂಜಿಯ ತುದಿಯಲ್ಲಿತ್ತು.

ಹೀಗೆ ನೋಡಿದರೆ ನಮ್ಮ ಹರಿಗೋಲೂ ಅದರ ದೂರದ ನೆಂಟನೇ. ಬಿದಿರಿನ ದೆಬ್ಬೆಗಳನ್ನು ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸುತ್ತಿದ್ದರು. ಈಗ ಚರ್ಮದ ಬದಲಾಗಿ ಪ್ಲಾಸ್ಟಿಕ್ಕಿನ ಹಾಳೆಯೂ ಡಾಂಬರೂ ಬಂದಿವೆ. ಒಂದು ಉದ್ದ, ಒಂದು ದುಂಡು. ಯುಕ್ತಿ ಮಾತ್ರ ಒಂದೇ.

ಇಂದು ಪಶ್ಚಿಮದವರು ಹವ್ಯಾಸಕ್ಕಾಗಿ ಕಟ್ಟುವ ಕಯಾಕಿಗೆ ತೊಗಲಿಲ್ಲ. ಒಂದು ವಿಧದಲ್ಲಿ ತೆಳುವಾದ ದೇವದಾರಿನಂಥ ಹಗುರ ಕಟ್ಟಿಗೆಯ ಪಟ್ಟಿಗಳನ್ನು ಒಂದರ ಪಕ್ಕ ಒಂದರಂತೆ ಅಂಟಿಸುತ್ತ ಹೋಗುವರು. ಇನ್ನೊಂದು ವಿಧವು ನಮ್ಮ ಓದುಗ ಸೋದರಿಯರಿಗೆ ಹೆಚ್ಚು ಹಿಡಿಸೀತು. ಏಕೆಂದರೆ ಅದು ಕುಪ್ಪಸ ಹೊಲಿದಂತೆಯೇ ಇದೆ. ನಾಲ್ಕು ಮಿಲಿಮೀಟರಿನಷ್ಟು ತೆಳುವಾದ, ನೀರಿಗೆ ಬಿಚ್ಚಿಕೊಳ್ಳದ ಪ್ಲೈವುಡ್ಡಿನ ಹಲಗೆಗಳನ್ನು ನಮೂನೆಯ ಕಾಗದವಿಟ್ಟು ಕತ್ತರಿಸುವುದು. ಅಂಚುಗಳ ಗುಂಟ ಸಣ್ಣ ತೂತು ಹಾಕುವುದು. ತಾಮ್ರದ ತಂತಿಯಿಂದ ಅಂಚಿಗೆ ಅಂಚು ಕೂಡಿಸಿ ಹೊಲಿಯುವುದು. ತಂತಿಯನ್ನು ಒಂದೊಂದಾಗಿ ಬಿಗಿಯುತ್ತ ಬಂದಂತೆ ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ಹಲಗೆಗಳು ತಾವಾಗಿಯೇ ಎದ್ದು ದೋಣಿಯ ಆಕಾರವನ್ನು ತಾಳುವವು. ಅನಂತರ ಒಳಗಿನ ಮೂಲೆಗಳಲ್ಲಿ ಕಟ್ಟಿಗೆಯ ಹಿಟ್ಟು ಕಲಸಿದ ಎಪಾಕ್ಸಿಯ ಅಂಟನ್ನು ತುಂಬಿ, ಅದು ಕಲ್ಲಾದ ಮೇಲೆ ತಂತಿಯನ್ನು ಕತ್ತರಿಸಿ ತೆಗೆದು, ಸಂದುಗಳಿಗೆ ಗಾಜಿನ ನೂಲಿನ ಪಟ್ಟಿ ಹಚ್ಚಿ, ಉಜ್ಜಿ, ವಾರ್ನಿಶು ಬಳಿಯುವರು. ಹದಿನೈದು ಹದಿನಾರು ಅಡಿಯ ದೋಣಿಯಾದರೂ ತೂಕದಲ್ಲಿ ಇಪ್ಪತ್ತು ಕಿಲೋದ ಆಸುಪಾಸು; ಒಬ್ಬನೇ ಹೆಗಲ ಮೇಲೆ ಹೊತ್ತು ಹೊಳೆಗೆ ಹೋಗಬಹುದು. ಬ್ರಿಟನ್ನಿನಲ್ಲಿ ೧೯೬೦ರ ದಶಕದ ಆರಂಭದಲ್ಲಿ ಡೇಲಿ ಮಿರರ್ ಪತ್ರಿಕೆಯವರು ಇದೇ ರೀತಿಯಿಂದ ಕಟ್ಟುವ ಸಣ್ಣ ಹಾಯಿದೋಣಿಯೊಂದನ್ನು ಜನರಲ್ಲಿ ಪ್ರಚಾರಪಡಿಸಿದರು. ಅಲ್ಲಿಂದೀಚೆಗೆ ಆ ನಮೂನೆಯ ದೋಣಿಗಳು ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಆಗಿವೆ. ಬಡಿಗರಲ್ಲದ ಸಾಮಾನ್ಯರೇ ಅವುಗಳಲ್ಲಿ ಎಷ್ಟನ್ನೋ ತಮ್ಮ ಮನೆಗಳಲ್ಲಿಯೇ ಕಟ್ಟಿಕೊಂಡರು.

ಹೊಲಿದ ದೋಣಿಯೆಂದರೆ ನಗಬೇಡಿರಿ. ನಮ್ಮ ಪಡುವಣ ಕಡಲಿನಲ್ಲಿ ಮೊಳೆ ಬಡಿಯದೆ ತೆಂಗಿನ ನಾರಿನ ಹುರಿಯಿಂದ ಹಲಗೆ ಹೊಲಿದ ಹಡಗುಗಳು ನೂರಾರು ವರ್ಷ ಓಡಾಡಿವೆ. ಅಜಂತೆಯ ಚಿತ್ರವೊಂದರಲ್ಲಿ ಕಂಡ ಹಡಗಿನ ಮಾದರಿಯನ್ನಿಟ್ಟುಕೊಂಡು, ಕೇರಳದ ಕುಶಲಕರ್ಮಿಗಳು ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಹಾಗೆಯೇ ಹೊಲಿದು ಕಟ್ಟಿದ ‘ಕೌಂಡಿನ್ಯ’ವೆಂಬ ಹಾಯಿಹಡಗನ್ನು ೨೦೨೫ರ ಮೇ ೨೧ರಂದು ನಮ್ಮ ಕಾರವಾರದಲ್ಲಿಯೇ ನೌಕಾಪಡೆಗೆ ಸೇರಿಸಿಕೊಂಡರು.

ಕಟ್ಟುವುದು ಇಷ್ಟಾಯಿತು. ನಮ್ಮ ಐದು ತಾಲೂಕುಗಳಲ್ಲಿ ಇದಕ್ಕೆ ಬೇಕಾದ ಕೈಗಳಿಗೆ ಬರಗಾಲವಿಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಗೆ ಓಡುವ ಚಕ್ಕಡಿಯ ಗಾಲಿಯನ್ನು ಕೂದಲೆಳೆಯ ವ್ಯತ್ಯಾಸ ಬಾರದಂತೆ ಜೋಡಿಸಬಲ್ಲ ಬಡಿಗನಿಗೆ ಪ್ಲೈವುಡ್ಡು ಕತ್ತರಿಸುವುದು ಆಟದ ಮಾತು. ಹಣಕ್ಕೂ ದಾರಿಯಿದೆ. ಪರದೇಶದವರು ಲಿಲಾವನ್ನು ನಮಗೆ ಕಲಿಸಬೇಕಾಗಿಲ್ಲ. ಜಾತ್ರೆಯಲ್ಲಿ ದೇವರ ಮುಂದಿನ ಒಂದೇ ತೆಂಗಿನಕಾಯಿಯನ್ನು ಗೆದ್ದವನು ಮತ್ತೆ ದೇವರಿಗೇ ಒಪ್ಪಿಸಿ, ಅದು ಎರಡನೆಯ ಸಲ, ಮೂರನೆಯ ಸಲ ಸವಾಲಾಗುವುದನ್ನು ಯಾರು ಕಂಡಿಲ್ಲ? ಕೂಡಿ ಕಟ್ಟುವುದಕ್ಕಂತೂ ನಮ್ಮ ಕೃಷ್ಣೆಯ ಕೆಳಮಗ್ಗುಲಿಗೇ ದೊಡ್ಡ ಸಾಕ್ಷಿಯಿದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ೧೯೮೯ರಲ್ಲಿ ರೈತರು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ತಮ್ಮ ರೊಕ್ಕವನ್ನೂ ಬೆವರನ್ನೂ ಹಾಕಿ ಹೊಳೆಗೆ ಅಡ್ಡಲಾಗಿ ಬ್ಯಾರೇಜನ್ನೇ ಕಟ್ಟಿಬಿಟ್ಟರು. ‘ಶ್ರಮಬಿಂದು ಸಾಗರ’ವೆಂದು ಅದರ ಹೆಸರು. ಹೊಳೆಯನ್ನೇ ನಿಲ್ಲಿಸಿದ ಜನರಿಗೆ ಒಂದು ದೋಣಿಯು ಹೆಚ್ಚಿನದೇ?

ಹಾಗಾದರೆ ತೊಡಕು ಎಲ್ಲಿದೆ? ಇನ್ನು ನನ್ನ ಕಥೆಯನ್ನು ಹೇಳಲೇಬೇಕು.

೨೦೦೫ರ ಮಹಾಪೂರ ಇಳಿದ ಮೇಲೆ ನಮ್ಮ ಕಡೆಯ ಒಂದು ಹೊಳೆದಂಡೆಯ ಹಳ್ಳಿಯಲ್ಲಿ, ಊರಿಗೊಂದು ಕಟ್ಟಿಗೆಯ ದೋಣಿಯಿರಬೇಕೆಂದು ನಾವು ಕೆಲವರು ಪಟ್ಟಿ ಎತ್ತಲು ಹೊರಟೆವು. ಊರಿನ ಹೆಸರು ಬೇಡ. ರಸೀದಿ ಪುಸ್ತಕವನ್ನು ಹಿಡಿದವನು ನಾನೇ. ಕಬ್ಬಿನ ಬಿಲ್ಲು ಬಂದ ದಿನಗಳಾದ್ದರಿಂದ ಜನರು ಕೈಬಿಚ್ಚಿ ಕೊಟ್ಟರು. ಕೊಡಲಾಗದವರಲ್ಲಿ ಒಬ್ಬನು ಸಾಗುವಾನಿಯ ಹಳೆಯ ತೊಲೆಯನ್ನು ಕೊಟ್ಟನು. ಇನ್ನೊಬ್ಬನು ಬಾಗಿದ ಜಾಲಿಯ ಕೊಂಬೆಗಳನ್ನು ದೋಣಿಯ ಪಕ್ಕೆಲುಬಿಗಾಗಿ ಕಡಿದು ತಂದನು. ಕಂಬಾರನು ಮೊಳೆಗಳನ್ನು ಬಡಿದುಕೊಟ್ಟನು. ಊರ ಅಂಚಿನ ಮನೆಯಲ್ಲಿ ಒಬ್ಬಳೇ ಇದ್ದ ಮುದುಕಿಯೊಬ್ಬಳು ಸೆರಗಿನ ಗಂಟನ್ನು ಬಿಚ್ಚಿ ೫೦ ರೂಪಾಯಿಯ ಒಂದು ನೋಟನ್ನು ಕೊಟ್ಟು, “ನನ್ನ ಹೆಸರು ಬರಕೋಬ್ಯಾಡಪಾ, ಹೊಳೀಗೆ ಗೊತ್ತಿದ್ರ ಸಾಕು” ಎಂದಳು. ಬಡಿಗರು ಮೂವರು ಎರಡು ತಿಂಗಳು ದುಡಿದರು. ಬಾಚಿಯ ಸಪ್ಪಳ ಕೇಳುತ್ತಲೇ ಶಾಲೆಯ ಮಕ್ಕಳು ಓಡಿಬಂದು ಸಿಪ್ಪೆಯನ್ನು ಆರಿಸುತ್ತಿದ್ದರು. ಸಂದುಗಳಿಗೆ ಹತ್ತಿಯನ್ನು ತುರುಕಿ, ರಾಳ ಹಾಕಿ, ಡಾಂಬರು ಬಳಿದೆವು. ನೀರಿಗಿಳಿಸಿದ ದಿನ ಮುತ್ತೈದೆಯರು ದೋಣಿಯ ಮೂತಿಗೆ ಅರಿಸಿನ ಕುಂಕುಮವಿಟ್ಟು ಆರತಿ ಮಾಡಿದರು, ಹೊಳೆಗೆ ಬಾಗಿನ ಬಿಟ್ಟರು. ಭಾಷಣಗಳಾದವು. ನಾನೂ ಒಂದು ಮಾಡಿದೆನು; ಉದ್ದವಾಗಿಯೇ ಮಾಡಿದೆನು.

ದೋಣಿಯು ಕೆಲವು ವರ್ಷ ಚೆನ್ನಾಗಿ ನಡೆಯಿತು. ಹಿಂದಿನ ಕಾಲದಲ್ಲಿ ಅಂಬಿಗನಿಗೆ ಸುಗ್ಗಿಯಲ್ಲಿ ಕಣದ ಮೇಲೆ ಆಯ ಸಲ್ಲುತ್ತಿತ್ತು. ಬಡಿಗನಿಗೆ, ಕಂಬಾರನಿಗೆ ಕೊಟ್ಟಂತೆ ಅವನಿಗೂ ಜೋಳ. ಆ ಜೋಳದಲ್ಲಿಯೇ ಮಳೆಗಾಲದ ಮುಂಚೆ ದೋಣಿಗೆ ಎಣ್ಣೆ ಡಾಂಬರು ಹಚ್ಚುವ ಹೊಣೆಯೂ ಸೇರಿರುತ್ತಿತ್ತು. ನಮ್ಮ ಪಟ್ಟಿಯಲ್ಲಿ ದೋಣಿಯಿತ್ತು, ಹುಟ್ಟಿತ್ತು, ಹಾರವಿತ್ತು, ಫೋಟೋದ ಖರ್ಚೂ ಇತ್ತು. ವರ್ಷವರ್ಷದ ಡಾಂಬರಿಗೆ ಮಾತ್ರ ಒಂದು ಕಾಸನ್ನೂ ಇಟ್ಟಿರಲಿಲ್ಲ, ಕಾಯುವವನು ಯಾರೆಂಬುದನ್ನೂ ಗೊತ್ತುಪಡಿಸಿರಲಿಲ್ಲ. ರಸ್ತೆಗಳು ಸುಧಾರಿಸಿದವು, ಮನೆಮನೆಗೆ ಫಟಫಟಿ ಬಂದವು. ದೋಣಿಯನ್ನು ಯಾರೋ ಎಳೆದು ಬೇವಿನ ಗಿಡದ ಬುಡದಲ್ಲಿ ಹಾಕಿದರು. ಕಟ್ಟಿಗೆಯ ದೋಣಿಯ ಗುಣವೇ ಬೇರೆ: ಅದು ನೀರಿನಲ್ಲಿ ಕೆಡುವುದಕ್ಕಿಂತ ಬಿಸಿಲಿನಲ್ಲಿ ಬೇಗ ಕೆಡುತ್ತದೆ. ಒಣಗಿದ ಹಲಗೆ ಕುಗ್ಗಿ ಸಂದು ಬಾಯಿಬಿಡುವುದು. ಅದಕ್ಕಾಗಿಯೇ ತಿಳಿದ ಹಳಬರು ಕೆಲಸವಿಲ್ಲದ ದಿನಗಳಲ್ಲಿ ದೋಣಿಯನ್ನು ದಂಡೆಯ ತೆಳುನೀರಿನಲ್ಲಿ ಮುಳುಗಿಸಿಯೇ ಇಡುತ್ತಿದ್ದರು. ನಾವು ಅದನ್ನು ಬೇವಿನ ನೆರಳಿಗೆ ಒಪ್ಪಿಸಿ ಮರೆತೆವು. ಕೋಳಿಗಳು ಅದರಲ್ಲಿ ಮೊಟ್ಟೆಯಿಟ್ಟವು.

೨೦೧೯ರ ಆಗಸ್ಟ್ ಬಂತು. ಆ ದಿನಗಳನ್ನು ಈ ಐದು ತಾಲೂಕಿನವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳ, ಹೀಗೆ ತಗ್ಗಿನ ಸೇತುವೆಗಳೆಲ್ಲ ಮುಳುಗಿದವು. ಕುಡಚಿಯ ಹೊಳೆಯ ಸೇತುವೆಯೂ ನೀರಿನೊಳಗಾಯಿತು. ನಮ್ಮ ಹಳ್ಳಿಯವರು ಬೇವಿನ ಗಿಡದತ್ತ ಓಡಿದರು. ದೋಣಿಯ ಸಂದುಗಳಲ್ಲಿ ಬೆರಳು ತೂರುತ್ತಿತ್ತು. ಕೊನೆಗೆ ಗಾಣದ ಮನೆಯಿಂದ ಬೆಲ್ಲ ಕಾಸುವ ಕೊಪ್ಪರಿಗೆಯನ್ನು ಉರುಳಿಸಿಕೊಂಡು ಬಂದು, ಅದರಲ್ಲಿ ಮಕ್ಕಳನ್ನೂ ಮುದುಕರನ್ನೂ ಕೂಡ್ರಿಸಿ, ಈಜುಬಲ್ಲ ಹುಡುಗರು ಸುತ್ತಲೂ ಹಿಡಿದು ತಳ್ಳುತ್ತ ದಾಟಿಸಿದರು. ಸರಕಾರದ ರಬ್ಬರಿನ ದೋಣಿಗಳು ಆಮೇಲೆ ಬಂದವು. ಅವರನ್ನು ದೂರುವಂತಿಲ್ಲ, ಏಕಕಾಲಕ್ಕೆ ನೂರು ಹಳ್ಳಿಗಳು ಕೂಗುತ್ತಿದ್ದವು. ದೇವರ ದಯೆಯಿಂದ ನಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲ. ಮೇಲ್ಮಗ್ಗುಲಿನ ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಹಾಗಾಗಲಿಲ್ಲ. ಆಗಸ್ಟ್ ೮ರಂದು ಮಿತಿಮೀರಿ ಜನ ಹತ್ತಿದ್ದ ದೋಣಿಯು ಇದೇ ಕೃಷ್ಣೆಯಲ್ಲಿ ಮಗುಚಿ, ಹತ್ತಕ್ಕೂ ಮಿಕ್ಕಿ ಜನರು ನೀರುಪಾಲಾದರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು.

ನೀರು ಇಳಿದ ಮೇಲೆ ಆ ಹಳ್ಳಿಗೆ ಹೋದೆನು. ಮುದುಕಿಯು ಕೊಪ್ಪರಿಗೆಯಲ್ಲಿ ದಾಟಿಬಂದು ಪರಿಹಾರ ಕೇಂದ್ರದಲ್ಲಿ ಕುಳಿತಿದ್ದಳು. ನನ್ನ ಗುರುತು ಹಿಡಿದಳು. ಸಿಟ್ಟಿನ ಮಾತು ಒಂದೂ ಇಲ್ಲ. “ಅಲ್ಲೋ ಯಪ್ಪಾ, ಆ ದ್ವಾಣಿ ಕಟ್ಟಾಕ ಊರೆಲ್ಲ ಬಂದಿದ್ರಿ. ಡಾಂಬರ ಹಚ್ಚಾಕ ಒಬ್ಬರಾದ್ರೂ ಬರಬಾರದಾಗಿತ್ತೇನು?” ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಅವಳು ಚಹಾ ತರಿಸಿಕೊಟ್ಟಳು, ಕುಡಿದು ಬಂದೆನು.

ನಿಪ್ಪಾಣಿಯ ಸೋದರಿಯವರೇ, ನನ್ನ ತಡವು ಏಕೆಂಬುದು ಈಗ ತಮಗೆ ತಿಳಿದಿರಬಹುದು. ತಮ್ಮ ಆಲೋಚನೆಯನ್ನು ಬಿಡಬಾರದೆಂದೇ ನನ್ನ ಅಭಿಪ್ರಾಯ. ಆದರೆ ಒಂದೆರಡು ಮಾತುಗಳನ್ನು ಮೊದಲೇ ಗಟ್ಟಿಮಾಡಿಕೊಳ್ಳಿರಿ. ಕಯಾಕು ಒಬ್ಬಿಬ್ಬರ ದೋಣಿ. ಮಳೆಗಾಲದ ಕೃಷ್ಣೆಗೆ ಅದನ್ನು ಇಳಿಸುವುದು ಸಾಹಸವಲ್ಲ, ಹುಚ್ಚು. ನೀರು ತಿಳಿಯಾದ ಮಾಗಿಯ ದಿನಗಳಲ್ಲಿ, ಬ್ಯಾರೇಜಿನಿಂದ ದೂರದ ನಿಂತ ನೀರಿನಲ್ಲಿ, ತೇಲುವ ಅಂಗಿಯನ್ನು ತೊಟ್ಟು, ಈಜು ಬಲ್ಲವರು ನಡೆಸಬಹುದು. ಆದುದರಿಂದ ಅದನ್ನು ಲಿಲಾವಿನ ವಸ್ತುವಾಗಿಯೇ ಕಟ್ಟುವುದು ಲೇಸು. ಹುಡುಗರು ಬಡಿಗರ ಕೈಕೆಳಗೆ ಒಂದು ಬೇಸಿಗೆ ಕಲಿಯಲಿ. ಹೆಣ್ಣುಮಕ್ಕಳೂ ಕೂಡ್ರಲಿ, ತಂತಿಯ ಹೊಲಿಗೆ ಅವರಿಗೇ ಬೇಗ ಒಲಿದೀತು. ಅಂಟಿನ ಕೆಲಸವನ್ನು ಗಾಳಿಯಾಡುವ ಪಡಸಾಲೆಯಲ್ಲಿ ಮಾಡಬೇಕು, ಕೈಗೆ ಚೀಲ ತೊಡದೆ ಮುಟ್ಟಬಾರದು, ಚರ್ಮಕ್ಕೆ ತಗುಲಿದರೆ ತುರಿಯೇಳುವುದುಂಟು. ಜಾತ್ರೆಯಲ್ಲಿ ಸವಾಲು ಹಾಕಿರಿ; ಗೆದ್ದವರು ಮರಳಿ ಕೊಟ್ಟರೆ ಮತ್ತೊಮ್ಮೆ ಹಾಕಿರಿ.

ಬಂದ ಹಣದಿಂದ ಹೊಸ ದೋಣಿಯನ್ನು ಕೊಳ್ಳಬೇಡಿರಿ. ಹೊಳೆಸಾಲಿನ ಯಾವ ಹಳ್ಳಿಯಲ್ಲಿ ಈಗಾಗಲೇ ದೋಣಿಯಿದೆಯೋ ಅದಕ್ಕೆ ಪ್ರತಿ ವೈಶಾಖದಲ್ಲಿ ರಾಳ, ಎಣ್ಣೆ, ಡಾಂಬರು. ಎಷ್ಟು ಜನ ಕೂಡ್ರಬಹುದೆಂಬುದನ್ನು ದೋಣಿಯ ಪಕ್ಕಕ್ಕೆ ದೊಡ್ಡ ಅಕ್ಷರದಲ್ಲಿ ಬರೆಯಿಸಲು ಬಣ್ಣ. ಅಷ್ಟೇ ಸಂಖ್ಯೆಯ ತೇಲುವ ಅಂಗಿಗಳು. ನೋಡಿಕೊಳ್ಳುವ ಅಂಬಿಗನಿಗೆ ಸುಗ್ಗಿಯ ಆಯದಂತೆ ವರ್ಷಕ್ಕೊಮ್ಮೆ ಸಲ್ಲುವ ಸಂಬಳ. ಹಣವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯಿಂದ ಮಾತ್ರ ಈ ಖರ್ಚನ್ನು ನಡೆಸಿದರೆ ಇನ್ನೂ ಒಳ್ಳೆಯದು. ಇದರಲ್ಲಿ ಹಾರವಿಲ್ಲ, ಭಾಷಣಕ್ಕೂ ಎಡೆಯಿಲ್ಲವೆಂದು ಬಲ್ಲೆನು. ಪಟ್ಟಿ ಎತ್ತಲು ಬರುವವರು ಈ ಕಾರಣಕ್ಕಾಗಿ ಕಡಿಮೆಯಾದಾರು. ರಸೀದಿ ಪುಸ್ತಕ ಹಿಡಿಯಲು ಒಬ್ಬರು ಬೇಕಾದರೆ ನನಗೆ ಹೇಳಿ ಕಳುಹಿಸಿರಿ.

ಚಿಕ್ಕೋಡಿ, ಅಥಣಿ, ಕಾಗವಾಡ, ರಾಯಬಾಗದ ಹೊಳೆದಂಡೆಯ ವಾಚಕರಲ್ಲಿ ಒಂದು ವಿನಂತಿ. ತಮ್ಮ ಊರಿನ ದೋಣಿಯು ಈಗ ಎಲ್ಲಿದೆ, ನೀರಿನಲ್ಲೋ ಗಿಡದ ಬುಡದಲ್ಲೋ, ಕಳೆದ ಸಲ ಡಾಂಬರು ಬಳಿದುದು ಯಾವಾಗ, ಎಂಬ ಎರಡು ಸಾಲನ್ನು ಕಾರ್ಡಿನ ಮೇಲೆ ಬರೆದು ಕಳುಹಿಸಿದರೆ, ಮುಂದಿನ ಮಳೆಗಾಲದ ಮುಂಚಿನ ಸಂಚಿಕೆಯಲ್ಲಿ ಅವೆಲ್ಲವನ್ನೂ ಊರುಗಳ ಹೆಸರಿನೊಡನೆ ಇದೇ ಪುಟದಲ್ಲಿ ಅಚ್ಚು ಹಾಕಿಸುವೆನು.