ಬಾಗಿಲು ತೆರೆದ ಮೇಲೂ ಹೊಸ್ತಿಲಲ್ಲೇ ನಿಂತರೆ ಹೇಗೆ?

ತರುಣ ಮಿತ್ರರೇ,

ಕನ್ನಡನಾಡಿನ ಕಾರ್ಖಾನೆಯಲ್ಲಿ, ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಕನ್ನಡದ ಹುಡುಗ ಹುಡುಗಿಯರಿಗೆ ಮೊದಲ ಜಾಗ ಸಿಗಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಈ ಸಲ ನಾನು ಬರೆಯುತ್ತಿರುವುದು ಸರ್ಕಾರಕ್ಕಲ್ಲ, ಕಂಪನಿಗಳಿಗೂ ಅಲ್ಲ. ನಿಮಗೆ! ಸ್ವಲ್ಪ ಕಹಿ ಎನಿಸಬಹುದು. ಯುಗಾದಿಯ ಬೇವು ಎಂದುಕೊಂಡು ನುಂಗಿ. ಬೆಲ್ಲವೂ ಇದೆ, ಕೊನೆಯವರೆಗೆ ಓದಿ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. 1998ರಲ್ಲಿ ಪಿಯುಸಿ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಗೆ ಇಂಟರ್‌ವ್ಯೂಗೆ ಹೋಗಿದ್ದೆ. ಸ್ಟೋರಿನಲ್ಲಿ ಮಾಲು ಎಣಿಸಿ ಪುಸ್ತಕದಲ್ಲಿ ಬರೆದಿಡುವ ಕೆಲಸ. ಅಣ್ಣನ ಷರಟು ಹಾಕಿಕೊಂಡು, ಚಪ್ಪಲಿ ಬಿಟ್ಟು ಸಾಲದ ಬೂಟು ತೊಟ್ಟು ಹೋಗಿದ್ದೆ. ಮೇಜಿನ ಆಚೆ ಮೂವರು. ಒಬ್ಬರು ಕೇಳಿದರು: 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್.' ಅಷ್ಟೇ! ನಾಲಿಗೆ ಒಣಗಿತು. ಹೆಸರು ಹೇಳಿದೆ, ಊರು ಹೇಳಿದೆ, ಆಮೇಲೆ ನೆಲ ನೋಡಿದೆ. 'ಓಕೆ, ಯೂ ಮೇ ಗೋ' ಎಂದರು.

ಹೊರಗೆ ಬಂದು ಟೀ ಅಂಗಡಿಯ ಮುಂದೆ ನಿಂತು ಇಂಗ್ಲಿಷನ್ನು ಬಾಯಿಗೆ ಬಂದಂತೆ ಬೈದೆ. ಮಾಲು ಎಣಿಸೋಕೆ ಇಂಗ್ಲಿಷ್ ಯಾಕೆ ಬೇಕು? ನನ್ನ ಸಿಟ್ಟು ನ್ಯಾಯವಾಗಿಯೇ ಇತ್ತು. ಇವತ್ತಿಗೂ ಅದು ನ್ಯಾಯವೇ. ಆದರೆ ಮಿತ್ರರೇ, ಇನ್ನೊಂದು ಸತ್ಯ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ. ಅದೇ ಪ್ರಶ್ನೆಯನ್ನು ಅವರು ಅಚ್ಚಗನ್ನಡದಲ್ಲಿ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇತ್ತಾ? ಇರಲಿಲ್ಲ! ನಾನು ಯಾರು, ನನಗೇನು ಬರುತ್ತದೆ, ನನ್ನನ್ನು ಯಾಕೆ ತೆಗೆದುಕೊಳ್ಳಬೇಕು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ನನ್ನನ್ನು ಸೋಲಿಸಿದ್ದು ಅರ್ಧ ಇಂಗ್ಲಿಷ್ ಭಯ, ಇನ್ನರ್ಧ ನನ್ನದೇ ತಯಾರಿ ಇಲ್ಲದ್ದು.

ಈಗ ನಾನು ಮೇಜಿನ ಈಚೆ ಕುಳಿತಿದ್ದೇನೆ. ಸಣ್ಣ ಆಫ್‌ಸೆಟ್ ಪ್ರೆಸ್ಸು ನನ್ನದು. ಡಿಟಿಪಿಗೆ, ಬೈಂಡಿಂಗಿಗೆ, ಮಿಷನ್ನಿಗೆ ಹುಡುಗರು ಬೇಕು ಎಂದು ಬೋರ್ಡು ಹಾಕಿದರೆ ಕನ್ನಡದ ಮಕ್ಕಳೇ ಬರುತ್ತಾರೆ. ಒಬ್ಬ ತಂದ ಬಯೋಡೇಟಾದಲ್ಲಿ ತಂದೆಯ ಹೆಸರೇ ಬೇರೆಯವರದ್ದು! ಸೈಬರ್ ಅಂಗಡಿಯವನು ಯಾರದೋ ಪ್ರತಿಯಲ್ಲಿ ಇವನ ಹೆಸರು ತುಂಬಿಸಿ ಕೊಟ್ಟಿದ್ದ. ಇವನು ಓದಿಯೂ ನೋಡಿರಲಿಲ್ಲ. ಅಕ್ಷರ ನೋಡುವ ಕೆಲಸಕ್ಕೆ ಬಂದವನು ತನ್ನ ಕಾಗದವನ್ನೇ ಓದದಿದ್ದರೆ, ಗಿರಾಕಿಯ ಲಗ್ನಪತ್ರಿಕೆ ಅವನ ಕೈಗೆ ಹೇಗೆ ಕೊಡಲಿ?

ಇನ್ನೊಬ್ಬನಿಗೆ 'ಏನೇನು ಬರುತ್ತಪ್ಪ?' ಅಂದೆ. 'ಎಲ್ಲಾ ಬರುತ್ತೆ ಸರ್' ಅಂದ. ಕೂರಿಸಿದರೆ ಏನೂ ಬರಲಿಲ್ಲ. ಅವನ ಹಿಂದೆಯೇ ಬಂದ ಒಬ್ಬ ಹೆಣ್ಣುಮಗಳು ಹೇಳಿದ್ದು ಕೇಳಿ: 'ಕೋರೆಲ್ ಚೆನ್ನಾಗಿ ಬರುತ್ತೆ ಸರ್. ಫೋಟೋಶಾಪ್ ಅಷ್ಟಕ್ಕಷ್ಟೆ, ಕಲೀತೀನಿ. ನುಡಿಯಲ್ಲಿ ಬೇಗ ಟೈಪ್ ಮಾಡ್ತೀನಿ. ಒತ್ತಕ್ಷರ ತಪ್ಪಿದ್ರೆ ಕಣ್ಣಿಗೆ ಹೊಡೆಯುತ್ತೆ.' ನಾಲ್ಕೇ ನಾಲ್ಕು ಮಾತು. ಇಂಗ್ಲಿಷ್ ಇಲ್ಲ, ಟೈ ಇಲ್ಲ, ಶಿಫಾರಸು ಇಲ್ಲ. ಮಾರನೆಯ ದಿನವೇ ಬಾರಮ್ಮ ಅಂದೆ. ಬರುವುದನ್ನು ಬರುತ್ತದೆ ಎಂದೂ, ಬಾರದ್ದನ್ನು ಕಲಿಯುತ್ತೇನೆ ಎಂದೂ ಹೇಳುವವರಿಗಾಗಿ ಮೇಜಿನ ಈಚೆ ಕುಳಿತವರು ಕಾಯುತ್ತಿರುತ್ತೇವೆ. ಇದು ನಿಮಗೆ ಗೊತ್ತಿರಲಿ.

ಹಾಗಾದರೆ ಏನು ಮಾಡಬೇಕು? ಮೊದಲು ನಿಮ್ಮ ಬಯೋಡೇಟಾ ನೀವೇ ಬರೆಯಿರಿ. ಒಂದೇ ಹಾಳೆ ಸಾಕು. ಓದಿದ್ದು, ಕಲಿತದ್ದು, ಮಾಡಿದ್ದು. ಅಪ್ಪನ ಅಂಗಡಿಯಲ್ಲಿ ಲೆಕ್ಕ ಬರೆದಿದ್ದೀರಾ? ಬೆಳಗ್ಗೆ ಪೇಪರ್ ಹಾಕಿದ್ದೀರಾ? ಗಣೇಶೋತ್ಸವಕ್ಕೆ ಚಂದಾ ಎತ್ತಿ ಕಡೇ ಪೈಸೆಯವರೆಗೆ ಲೆಕ್ಕ ಒಪ್ಪಿಸಿದ್ದೀರಾ? ಬರೆಯಿರಿ! ಅದೂ ಅನುಭವವೇ. ಬರೆದ ಮೇಲೆ ಇಬ್ಬರ ಕೈಲಿ ಓದಿಸಿ ತಪ್ಪು ತಿದ್ದಿಸಿಕೊಳ್ಳಿ.

ಎರಡನೆಯದು, 'ನಿಮ್ಮ ಬಗ್ಗೆ ಹೇಳಿ' ಎಂಬ ಪ್ರಶ್ನೆ ಬಂದೇ ಬರುತ್ತದೆ. ಎರಡು ನಿಮಿಷದ ಉತ್ತರ ಮೊದಲು ಕನ್ನಡದಲ್ಲಿ ಕಟ್ಟಿಕೊಳ್ಳಿ. ತಲೆಯಲ್ಲಿ ವಿಷಯ ಇದ್ದರೆ ಇಂಗ್ಲಿಷಿಗೆ ತರುವುದು ಕಷ್ಟವಲ್ಲ, ವಿಷಯವೇ ಇಲ್ಲದಿದ್ದರೆ ಯಾವ ಭಾಷೆಯೂ ಕಾಪಾಡುವುದಿಲ್ಲ. ಕನ್ನಡಿ ಮುಂದೆ ಹೇಳಿ, ತಂಗಿಯ ಮುಂದೆ ಹೇಳಿ, ಗೆಳೆಯನನ್ನು ಮೇಜಿನ ಆಚೆ ಕೂರಿಸಿ ಹೇಳಿ. ಆ ಕಂಪನಿ ಏನು ತಯಾರಿಸುತ್ತದೆ ಎಂಬುದನ್ನೂ ತಿಳಿದುಕೊಂಡು ಹೋಗಿ. ಬಸ್ಸು, ಟ್ರಾಫಿಕ್ಕು ಎಂದು ತಡ ಮಾಡಬೇಡಿ. ಹಿಂದಿನ ದಿನವೇ ಒಮ್ಮೆ ಹೋಗಿ ಜಾಗ ನೋಡಿಕೊಂಡು ಬನ್ನಿ.

ಮೂರನೆಯದು ಮುಖ್ಯವಾದದ್ದು. ಇಂಗ್ಲಿಷ್ ತಡವರಿಸಿದರೆ ತಲೆ ತಗ್ಗಿಸಬೇಡಿ. 'ಇದನ್ನು ಕನ್ನಡದಲ್ಲಿ ಹೇಳಬಹುದಾ ಸರ್?' ಎಂದು ನೇರವಾಗಿ ಕೇಳಿ. ಕೇಳುವುದು ಅವಮಾನವಲ್ಲ. ಐಎಎಸ್, ಐಪಿಎಸ್‌ಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆಯಲ್ಲೇ ಮೇನ್ಸ್ ಕನ್ನಡದಲ್ಲಿ ಬರೆದು, ಸಂದರ್ಶನವನ್ನೂ ಕನ್ನಡದಲ್ಲೇ ಕೊಡುವ ಅವಕಾಶವಿದೆ. ದೆಹಲಿಯಲ್ಲಿ ನಡೆಯುವುದು ಪೀಣ್ಯದಲ್ಲಿ ಯಾಕೆ ನಡೆಯಬಾರದು? ಹಾಗೆಂದು ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಕಲಿಯಿರಿ! ಅದು ದೇವರೂ ಅಲ್ಲ, ದೆವ್ವವೂ ಅಲ್ಲ. ಅದೊಂದು ಸ್ಪ್ಯಾನರ್. ನಟ್ಟು ಬಿಚ್ಚಬೇಕಾದಾಗ ಕೈಯಲ್ಲಿರಬೇಕು, ಅಷ್ಟೇ.

ನಾಲ್ಕನೆಯದು, ಮೋಸ. 'ರಿಜಿಸ್ಟ್ರೇಷನ್ ಫೀಸು ಕಟ್ಟಿ, ಟ್ರೈನಿಂಗ್ ಡಿಪಾಜಿಟ್ ಕಟ್ಟಿ, ನಾಳೆಯೇ ಆಫರ್ ಲೆಟರ್' ಎಂದು ವಾಟ್ಸಾಪಿನಲ್ಲಿ ಬಂದರೆ ಅಳಿಸಿ ಹಾಕಿ. ಕೆಲಸ ಕೊಡುವವನು ಸಂಬಳ ಕೊಡಬೇಕೇ ಹೊರತು ನಿಮ್ಮ ತಾಯಿಯ ಓಲೆ ಅಡವಿಡಿಸಬಾರದು. ಸರ್ಕಾರಿ ಪರೀಕ್ಷೆಯ ಶುಲ್ಕ ಬೇರೆ ಮಾತು, ಅದನ್ನು ಇಲಾಖೆಯ ಅಧಿಕೃತ ವೆಬ್‌ಸೈಟಿನಲ್ಲೇ ಕಟ್ಟಿ. ಇಂಟರ್‌ವ್ಯೂಗೆ ಮೂಲ ಅಂಕಪಟ್ಟಿ ಒಯ್ಯಿರಿ, ತೋರಿಸಿ, ಆದರೆ ಬಿಟ್ಟು ಬರಬೇಡಿ. ಕೆಲಸ ಸಿಕ್ಕರೆ ನೇಮಕ ಪತ್ರ, ಪಿಎಫ್, ಇಎಸ್‌ಐ ಬಗ್ಗೆ ಬಾಯಿಬಿಟ್ಟು ಕೇಳಿ. ಕೇಳಿದವನನ್ನು ಒಳ್ಳೆಯ ಮಾಲೀಕ ಕಡಿಮೆ ಎಂದು ತಿಳಿಯುವುದಿಲ್ಲ.

ಇನ್ನು ಬೆಲ್ಲದ ಮಾತು. ಬಾಗಿಲುಗಳು ತೆರೆದಿವೆ, ನಮ್ಮವರಿಗೇ ಗೊತ್ತಿಲ್ಲ! ಕೇಂದ್ರ ಸರ್ಕಾರದ ಗ್ರೂಪ್ ಸಿ ಮತ್ತು ಗ್ರೂಪ್ ಬಿ ನಾನ್ ಗೆಜೆಟೆಡ್ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವೇ ಇಲ್ಲ. ಅಂದರೆ 'ಯಾರ ಕಡೆಯವನು' ಎಂದು ಅಲ್ಲಿ ಯಾರೂ ಕೇಳುವಂತಿಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ ತನ್ನ ಎಂಟಿಎಸ್ ಪರೀಕ್ಷೆಯನ್ನು 2023ರಿಂದ ಹಿಂದಿ, ಇಂಗ್ಲಿಷ್ ಜೊತೆಗೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಶುರುಮಾಡಿತು. ಅದರಲ್ಲಿ ಕನ್ನಡವೂ ಒಂದು. 2024ರಲ್ಲಿ ಸಿಆರ್‌ಪಿಎಫ್, ಬಿಎಸ್‌ಎಫ್ ಮುಂತಾದ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಗೂ ಇದೇ ವ್ಯವಸ್ಥೆ ಬಂತು. ಇದು ಯಾರೋ ಕರುಣೆಯಿಂದ ಕೊಟ್ಟದ್ದಲ್ಲ. ದಕ್ಷಿಣದ ರಾಜ್ಯಗಳು ಒತ್ತಾಯಿಸಿ ಒತ್ತಾಯಿಸಿ ಪಡೆದದ್ದು. ಹೋರಾಡಿ ಪಡೆದ ಪ್ರಶ್ನೆಪತ್ರಿಕೆ ಇದೆ. ಅರ್ಜಿ ಹಾಕುವ ಕನ್ನಡಿಗ ಎಲ್ಲಿ?

ತೆರೆಯದ ಬಾಗಿಲುಗಳೂ ಇವೆ. ಸರೋಜಿನಿ ಮಹಿಷಿ ಸಮಿತಿ 1986ರಲ್ಲೇ ಅಂತಿಮ ವರದಿ ಕೊಟ್ಟಿತು. 58 ಶಿಫಾರಸುಗಳಿದ್ದವು. ಆಗ ಹುಟ್ಟಿದ ಮಕ್ಕಳು ಈಗ ತಮ್ಮ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಾರೆ! ಖಾಸಗಿ ಕಂಪನಿಗಳಲ್ಲಿ ಆಡಳಿತದ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ 2024ರ ಜುಲೈನಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಕೂಗೆಬ್ಬಿಸಿದರು, ಎರಡು ಮೂರು ದಿನದಲ್ಲೇ ಅದಕ್ಕೆ ತಡೆ ಬಿತ್ತು. ಆಗ ಹಲವರು ಆಡಿದ ಮಾತು ನೆನಪಿದೆಯೇ? 'ಸ್ಥಳೀಯರಲ್ಲಿ ಅರ್ಹರು ಸಿಗುವುದಿಲ್ಲ!' ಈ ಮಾತು ನನ್ನ ಎದೆಗೆ ಚುಚ್ಚಿದೆ. ನಿಮಗೂ ಚುಚ್ಚಬೇಕು. ಇದಕ್ಕೆ ಉತ್ತರ ಬರೀ ಘೋಷಣೆಯಲ್ಲಿಲ್ಲ. ತಯಾರಾಗಿ ಬಂದು ಮೇಜಿನ ಮುಂದೆ ನೆಟ್ಟಗೆ ಕುಳಿತ ಒಬ್ಬೊಬ್ಬ ಕನ್ನಡಿಗನೂ ಆ ಮಾತಿಗೆ ಉತ್ತರ.

ಕಾನೂನು ಬಂದರೂ ಅದು ಬಾಗಿಲನ್ನು ಮಾತ್ರ ತೆರೆದೀತು. ಒಳಗೆ ಕಾಲಿಡಬೇಕಾದವರು ನೀವೇ. ಹೊಸ್ತಿಲಲ್ಲಿ ನಿಂತು ನೆಲ ನೋಡಿದರೆ, ನಾನು 1998ರಲ್ಲಿ ನೋಡಿದ ಹಾಗೆ, ಹಿಂದಿನವರು ದಾಟಿಕೊಂಡು ಹೋಗುತ್ತಾರೆ.

ಸಂಘದ ಗೆಳೆಯರಲ್ಲಿ ಒಂದು ಮನವಿ. ಬಾವುಟ ಕಟ್ಟುವ ಕೈಗಳೇ ವಾರಕ್ಕೊಂದು ಭಾನುವಾರ ಒಂದು ಮೇಜು, ನಾಲ್ಕು ಕುರ್ಚಿ ಹಾಕಲಿ. ಬಡಾವಣೆಯ ಬ್ಯಾಂಕ್ ನೌಕರರನ್ನೋ, ಮೇಷ್ಟರನ್ನೋ, ಕಾರ್ಖಾನೆಯ ಸೂಪರ್‌ವೈಸರನ್ನೋ ಕರೆತನ್ನಿ. ಹುಡುಗರಿಗೆ ಹುಸಿ ಇಂಟರ್‌ವ್ಯೂ ಮಾಡಿಸಿ. ಅಲ್ಲಿ ಹತ್ತು ಸಲ ತಡವರಿಸಿದವರು ನಿಜವಾದ ದಿನ ತಡವರಿಸುವುದಿಲ್ಲ. ನನ್ನ ಪಾಲಿನದು ನಾನೂ ಮಾಡುತ್ತೇನೆ. ಬಯೋಡೇಟಾ ತಂದರೆ ತಪ್ಪು ತಿದ್ದಿ, ಐದು ಪ್ರತಿ ತೆಗೆದುಕೊಡುತ್ತೇನೆ. ಕಾಸು ಬೇಡ. ತಂದೆಯ ಹೆಸರು ಮಾತ್ರ ನಿಮ್ಮದೇ ತಂದೆಯದ್ದಾಗಿರಲಿ!

ಒಂದು ಕಡೆ ಆಗಲಿಲ್ಲವೆಂದು ಮನೆಯಲ್ಲಿ ಮುಸುಕೆಳೆದು ಮಲಗಬೇಡಿ. ಕೇಳಿದ ಪ್ರಶ್ನೆಗಳನ್ನು ಅವತ್ತೇ ರಾತ್ರಿ ಬರೆದಿಡಿ, ಮುಂದಿನ ಸಲಕ್ಕೆ ಅದೇ ನಿಮ್ಮ ಪಠ್ಯಪುಸ್ತಕ. ಹಕ್ಕಿಗಾಗಿ ಬೀದಿಯಲ್ಲಿ ಒಟ್ಟಿಗೆ ಕೂಗೋಣ. ಕೆಲಸಕ್ಕಾಗಿ ಮನೆಯಲ್ಲಿ ಒಬ್ಬೊಬ್ಬರೂ ತಯಾರಾಗೋಣ. ಹೋಗಿ, ಗೆದ್ದು ಬನ್ನಿ.

ಸಿರಿಗನ್ನಡಂ ಗೆಲ್ಗೆ!