ಬೀದಿಗೆ ಬಿದ್ದ ಒರಳುಕಲ್ಲು

ಮನುಷ್ಯ ಮತ್ತು ಪ್ರಕೃತಿಯ ಸಂಬಂಧವನ್ನೇ ವಸ್ತುವಾಗಿಸಿಕೊಂಡ ಕಲಾವಿದರು ಇಂದು ಅನೇಕರಿದ್ದಾರೆ. ಅವರ ಕೃತಿಗಳು ಕೊಚ್ಚಿ, ದೆಹಲಿ, ವೆನಿಸ್‌ಗಳಲ್ಲಿ ಪ್ರದರ್ಶನಗೊಳ್ಳುತ್ತವೆ. ಆನೆ ತುಳಿದ ರಾಗಿ ಹೊಲದ ಪರಿಹಾರಕ್ಕಾಗಿ ಕಚೇರಿ ಅಲೆಯುವ, ಜಲ್ಲಿ ಲಾರಿಗಳ ಧೂಳು ಕುಡಿಯುವ ಕೋಡಿಹಳ್ಳಿ ಸೀಮೆಯ ನಮಗೆ ಅದರಿಂದ ಏನಾಗಬೇಕಾಗಿದೆ? ಚಳವಳಿಯ ಸಭೆಗಳಲ್ಲಿ ಈ ಪ್ರಶ್ನೆಯನ್ನು ವ್ಯಂಗ್ಯವಾಗಿ ಕೇಳಿ ಮುಗಿಸುವುದು ರೂಢಿ. ಅದನ್ನು ಗಂಭೀರವಾಗಿಯೇ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಅಂಥ ಕೃತಿಗಳಲ್ಲೊಂದು ನಮ್ಮ ಅಡುಗೆಮನೆಯ ಕಲ್ಲಿನಿಂದಲೇ ಆದದ್ದು.

2012ರಲ್ಲಿ ಕೊಚ್ಚಿಯಲ್ಲಿ ಮೊದಲ ಬಿನಾಲೆ ಕಲಾ ಪ್ರದರ್ಶನ ನಡೆಯಿತು. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡ ಅವರು ಕ್ರಿಸ್ಟೋಫ್ ಸ್ಟಾರ್ಜ್ ಅವರೊಡಗೂಡಿ ಅಲ್ಲಿ ‘ಸ್ಟಾಪ್‌ಓವರ್’ ಎಂಬ ಕೃತಿಯನ್ನು ನಿರ್ಮಿಸಿದರು. ಅದರಲ್ಲಿದ್ದುದು ಸುಮಾರು 170 ಒರಳುಕಲ್ಲುಗಳು, ಅಷ್ಟೆ. ಬೆಂಗಳೂರಿನ ಹಳೆಯ ಮನೆಗಳನ್ನು ಕೆಡವಿ ಹೊಸದನ್ನು ಕಟ್ಟುವಾಗ ನೆಲದಲ್ಲಿ ಹೂತಿದ್ದ ಒರಳನ್ನು ಕಿತ್ತು ಹೊರಗಿಡುತ್ತಾರೆ. ಮಿಕ್ಸಿ ಬಂದ ಮೇಲೆ ಅದು ಬೇಡ. ಆದರೆ ಅನ್ನ ಕೊಟ್ಟ ಕಲ್ಲೆಂದು ಮಾರಲೂ ಮನಸ್ಸು ಬಾರದು, ಒಡೆಯಲೂ ಬಾರದು. ಹಾಗಾಗಿ ಅದು ರಸ್ತೆಯ ಅಂಚಿನಲ್ಲಿ ಅನಾಥವಾಗಿ ಬೀಳುತ್ತದೆ. ಅಂಥವನ್ನು ಕಲೆಹಾಕಿ, ಒಂದು ಕಾಲದಲ್ಲಿ ಸಂಬಾರ ಪದಾರ್ಥಗಳ ವ್ಯಾಪಾರ ನಡೆಸುತ್ತಿದ್ದ ಆಸ್ಪಿನ್‌ವಾಲ್ ಕಂಪನಿಯ ಹಳೆಯ ಆವರಣಕ್ಕೆ ಒಯ್ದು, ಕಡಲ ದಂಡೆಯಲ್ಲಿ ಹರಡಿದರು. ಮೆಣಸು, ಏಲಕ್ಕಿ ಹಡಗೇರಿದ ಜಾಗಕ್ಕೆ ಅವನ್ನು ಅರೆದ ಕಲ್ಲುಗಳು ಬಂದು ಕುಳಿತವು.

ನೋಡಿದವರು ಮನೆ, ಹೆಣ್ಣುಮಕ್ಕಳ ದುಡಿಮೆ, ಸಂಬಾರದ ವ್ಯಾಪಾರ ಮಾರ್ಗ ಎಲ್ಲವನ್ನೂ ಕಂಡಿರಬಹುದು. ಬೆಟ್ಟವನ್ನು ಕಂಡವರು ಕಡಿಮೆ ಎಂದೇ ನನ್ನ ಊಹೆ. ನಮಗೆ ಮೊದಲು ಕಾಣುವುದೇ ಬೆಟ್ಟ.

ರಾಮನಗರದಿಂದ ಕನಕಪುರದತ್ತ ಸಾಗುವ ಈ ಬಂಡೆಗಳ ಸಾಲಿಗೆ ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಹೆಸರಿಟ್ಟಿದ್ದಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. (ರಾಮನಗರ ಜಿಲ್ಲೆಯೇ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ನಗರವು ನಮ್ಮ ಕಲ್ಲನ್ನಷ್ಟೇ ಅಲ್ಲ, ಹೆಸರನ್ನೂ ಕೊಂಡೊಯ್ಯುತ್ತದೆ.) ಕಲ್ಲುಕುಟಿಗನೊಬ್ಬ ಬಂಡೆಯ ಒಂದು ತುಂಡಿನಿಂದ ಮಾಡಿಕೊಟ್ಟ ಒರಳು ಮೂರು ತಲೆಮಾರಿಗೆ ಸಾಕಾಗುತ್ತಿತ್ತು. ಸವೆದರೆ ಮತ್ತೆ ಉಳಿಯಿಂದ ಕುಟ್ಟಿಸಿಕೊಂಡರೆ ಆಯಿತು. ಅದೇ ಕಲ್ಲು ಇಂದು ಸಿಡಿಮದ್ದಿಗೆ ಒಡೆದು, ಕ್ರಷರಿನಲ್ಲಿ ಪುಡಿಯಾಗಿ, ಎಂ-ಸ್ಯಾಂಡ್ ಎಂಬ ಹೆಸರಿನಲ್ಲಿ ರಾತ್ರಿಯೊಳಗೆ ನಗರ ಸೇರುತ್ತದೆ. ಒರಳನ್ನು ಬೀದಿಗೆಸೆದು ಕಟ್ಟಿದ ಹೊಸ ಮನೆಯ ಗೋಡೆಯೊಳಗೂ ಇಂಥದೇ ಒಂದು ಬೆಟ್ಟದ ಪುಡಿ ಇರುತ್ತದೆ. ಕಲ್ಲು ತೆಗೆಯುವುದೇ ಪಾಪವೆಂದು ನಾನು ಹೇಳಲಾರೆ. ಕ್ವಾರಿಯ ಕೂಲಿಯಿಂದಲೇ ಒಲೆ ಉರಿಯುವ ಮನೆಗಳು ನಮ್ಮಲ್ಲಿವೆ, ಅವರನ್ನು ಹೊರಗಿಟ್ಟು ಆಡುವ ಮಾತಿಗೆ ಬೆಲೆಯಿಲ್ಲ. ಆದರೆ ತೆಗೆಯುವ ವೇಗ ಮತ್ತು ತೆಗೆದದ್ದರ ಬಾಳಿಕೆ, ಇವೆರಡರ ನಡುವಿನ ಅಂತರವನ್ನು ಆ 170 ಕಲ್ಲುಗಳು ತೋರಿದಷ್ಟು ಸ್ಪಷ್ಟವಾಗಿ ನಮ್ಮ ಯಾವ ಕರಪತ್ರವೂ ತೋರಿಲ್ಲ.

ಕಲ್ಲು ಮತ್ತು ಮರದ ಇನ್ನೊಂದು ಕೃತಿಯನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. 1982ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ಜೋಸೆಫ್ ಬಾಯ್ಸ್ ಎಂಬ ಕಲಾವಿದ ವಸ್ತುಸಂಗ್ರಹಾಲಯದ ಮುಂದೆ 7000 ಕರಿಗಲ್ಲುಗಳನ್ನು ರಾಶಿ ಹಾಕಿಸಿದ. ನಗರದಲ್ಲಿ ಒಂದು ಮರ ನೆಟ್ಟರೆ ಮಾತ್ರ ಒಂದು ಕಲ್ಲನ್ನು ಅಲ್ಲಿಂದ ತೆಗೆದು ಆ ಮರದ ಪಕ್ಕ ನಿಲ್ಲಿಸಬೇಕು. ರಾಶಿ ಕರಗಿತೋ ಇಲ್ಲವೋ ಎಂಬುದೇ ಊರಿನ ಮನಸ್ಸಿನ ಲೆಕ್ಕ. ಬಾಯ್ಸ್ 1986ರಲ್ಲಿ ತೀರಿಕೊಂಡ. ಕೊನೆಯ ಮರವನ್ನು 1987ರಲ್ಲಿ ನೆಟ್ಟರು. ಇದನ್ನು ಜಗತ್ತು ಮಹತ್ವದ ಕಲಾಕೃತಿ ಎಂದು ಪಾಠ ಮಾಡುತ್ತದೆ.

ನಮ್ಮ ಮಾಗಡಿ ಸೀಮೆಯ ಹುಲಿಕಲ್ಲಿನಿಂದ ಕುದೂರಿನವರೆಗೆ ತಿಮ್ಮಕ್ಕ ಮತ್ತು ಚಿಕ್ಕಯ್ಯ ದಂಪತಿ ಆಲದ ಸಸಿ ನೆಟ್ಟು, ನೀರು ಹೊತ್ತು, ದನ ಮೇಯದಂತೆ ಬೇಲಿ ಕಟ್ಟಿ ಬೆಳೆಸಿದ ಸಾಲನ್ನು ಯಾರೂ ಕಲಾಕೃತಿ ಎನ್ನಲಿಲ್ಲ. 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣದಿಂದ ಆ ಮರಗಳಿಗೇ ಕುತ್ತು ಒದಗಿ, ಅವರು ಅವುಗಳ ಉಳಿವಿಗಾಗಿ ಸರ್ಕಾರದ ಮೊರೆ ಹೋಗಬೇಕಾಯಿತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡರು. ‘ಕಲೆ’ ಎಂಬ ಹೆಸರು ಬರಿಯ ಅಲಂಕಾರದ ಮಾತಲ್ಲ. ಕಾಸೆಲ್ಲಿನಲ್ಲಿ ಮರ ಕಡಿಯಹೊರಟವನು ಒಂದು ಕೃತಿಗೆ ಕೈ ಹಾಕಿದಂತಾಗುತ್ತದೆ. ಇಲ್ಲಿ ರಸ್ತೆಯ ನಕ್ಷೆ ಬರೆದವರಿಗೆ ಆ ಆಲಗಳು ಬರಿಯ ಅಡ್ಡಿಯಾಗಿದ್ದವು.

ಆದುದರಿಂದ ಕಲಾವಿದರಿಗೆ ನಾವು ಹಾಕುವ ಕರಾರು ಇಷ್ಟೇ: ನಮ್ಮ ಶಾಲೆಯ ಗೋಡೆಗಳ ಮೇಲೆ ಆನೆ, ನವಿಲುಗಳ ಚಿತ್ರ ಬರೆದು ಹೋಗಲು ಬರಬೇಡಿ. ಆನೆಯನ್ನು ನಾವು ಹೊಲದಲ್ಲಿಯೇ ನೋಡುತ್ತೇವೆ. ಬೆಂಗಳೂರಿನ ಕೊಳೆ ವೃಷಭಾವತಿಯಲ್ಲಿ ಹರಿದು ಅರ್ಕಾವತಿಯನ್ನು ಸೇರಿ ಸಂಗಮದಲ್ಲಿ ಕಾವೇರಿಯನ್ನು ಮುಟ್ಟುವ ಹಾದಿಯನ್ನು ನಡೆದು ನೋಡಿ. ಬೆಟ್ಟವಿದ್ದ ಕಡೆ ಈಗ ನೀರು ನಿಂತಿರುವ ಕ್ವಾರಿಯ ಹೊಂಡದ ಬಳಿ ಕುಳಿತು ಕೆಲಸ ಮಾಡಿ. ಇಲ್ಲಿ ಮಾಡಿದ್ದನ್ನು ಮೊದಲು ಇಲ್ಲಿಯೇ ತೋರಿಸಿ.

ವಿದ್ಯಾರ್ಥಿಗಳಿಗಂತೂ ಯಾರಿಗೂ ಕಾಯುವ ಅಗತ್ಯವಿಲ್ಲ. ಪ್ರತಿ ಮನೆಯ ಹಿತ್ತಿಲಲ್ಲಿಯೂ ಒಂದು ಒರಳೋ ಬೀಸುವ ಕಲ್ಲೋ ಮಗುಚಿ ಬಿದ್ದಿದೆ. ಅದು ಯಾವ ಬೆಟ್ಟದ ಕಲ್ಲು, ಯಾರು ಕಡಿದರು, ಯಾವ ಗಾಡಿಯಲ್ಲಿ ಬಂತು, ಆ ಬೆಟ್ಟ ಈಗ ಇದೆಯೇ ಎಂದು ಅಜ್ಜಿಯರನ್ನು ಕೇಳಿ ಬರೆದುಕೊಳ್ಳಿ. ಊರೊಂದರ ಕಲ್ಲುಗಳನ್ನೆಲ್ಲ ಒಂದು ದಿನ ಪಂಚಾಯತಿಯ ಮುಂದೆ ಸಾಲಾಗಿ ಇಡಿ, ಪಕ್ಕದಲ್ಲಿ ಬೆಟ್ಟದ ಹೆಸರು ಬರೆಯಿರಿ. ಗ್ರಾಮಸಭೆ ಕೂಡುವ ದಿನವೇ ಆದರೆ ಒಳಿತು. ಮಳೆಗಾಲಕ್ಕೆ ಮುಂಚೆ ಕೆಲಸ ತೊಡಗಿ. ಮಳೆ ಹಿಡಿಯಿತೆಂದರೆ ಹಿತ್ತಿಲ ಕಲ್ಲುಗಳು ಹುಲ್ಲಿನಲ್ಲಿ ಮುಚ್ಚಿಹೋಗುತ್ತವೆ.