ಟರ್ಫ್ ಆಟಕ್ಕೆ ಫುಟ್ಸಾಲ್ ಅನ್ನಬೇಡಿ ಮಾರಾಯ್ರೇ!

ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ, ಗಂಟೆಗಿಷ್ಟು ಅಂತ ಬಾಡಿಗೆ ಇಸ್ಕೊಂಡು ‘ಫುಟ್ಸಾಲ್’ ಅಂತ ಬೋರ್ಡ್ ಹಾಕೋ ಚಾಳಿ ಬೆಂಗಳೂರು ದಾಟಿ ನಮ್ಮ ಕಡೆಗೂ ಬಂದಿದೆ. ಆಡಬೇಡಿ ಅನ್ನಲ್ಲ. ಆದ್ರೆ ಅದು ಫುಟ್ಸಾಲ್ ಅಲ್ಲ. ಐದೈದು ಜನ ಚೆಂಡು ಒದ್ದ ಮಾತ್ರಕ್ಕೆ ಫುಟ್ಸಾಲ್ ಆಗೋದಾದ್ರೆ, ನಮ್ಮ ಕುರ್ತಕೋಟಿ ಓಣಿಯಲ್ಲಿ ಚಪ್ಪಲಿ ಇಟ್ಟು ಗೋಲು ಮಾಡೋ ಹುಡುಗರ ಆಟವೂ ವಿಶ್ವಕಪ್ಪೇ!

"ಹೆಸರಿನ್ಯಾಗ ಏನೈತಿ ಬಿಡ್ರಿ" ಅಂತೀರಾ? ಐತ್ರಿ.

ಈ ಆಟ ಶುರುವಾಗಿದ್ದೇ ಹುಲ್ಲುಗಾವಲು ಇಲ್ಲದವರಿಗಾಗಿ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದ ವೈಎಂಸಿಎಯಲ್ಲಿ ಹ್ವಾನ್ ಕಾರ್ಲೋಸ್ ಸೆರಿಯಾನಿ ಅನ್ನೋ ಮೇಷ್ಟ್ರು ಬಾಸ್ಕೆಟ್‌ಬಾಲ್ ಅಂಕಣದಷ್ಟು ಜಾಗದಲ್ಲಿ ಆಡೋಕೆ ಇದನ್ನ ಕಟ್ಟಿದ್ರು. ಗಟ್ಟಿ ನೆಲ, ಪುಟಿಯದ ಚೆಂಡು. ಚೆಂಡಿನ ಸೈಜು 4. 2 ಮೀಟರ್ ಎತ್ತರದಿಂದ ಬಿಟ್ರೆ 50ರಿಂದ 65 ಸೆಂಟಿಮೀಟರ್ ಅಷ್ಟೇ ಮೇಲೇಳಬೇಕು. ಅದನ್ನ ಹುಲ್ಲಿನ ಮೇಲೆ ಬಿಟ್ರೆ ಸತ್ತ ಹೆಗ್ಗಣದ ಹಾಗೆ ಬಿದ್ದಿರುತ್ತೆ. ಅದಕ್ಕೇ ಟರ್ಫಿನವರು ದೊಡ್ಡ ಚೆಂಡು ಕೊಡ್ತಾರೆ. ಅಲ್ಲಿಗೆ ಆಟವೇ ಬೇರೆ ಆಯ್ತಲ್ಲ!

ಈಗ ನಮ್ಮೂರು ನೋಡಿ. ಎರೆ ನೆಲ. ಮಳೆ ಬಂದ್ರೆ ಕಾಲು ಹುಗಿಯುತ್ತೆ, ಬೇಸಿಗೆಯಲ್ಲಿ ಬಿರುಕು. ದೊಡ್ಡ ಫುಟ್‌ಬಾಲ್ ಮೈದಾನ ಮಾಡಿ ಇಟ್ಕೊಳ್ಳೋದು ಸುಲಭ ಇಲ್ಲ. 25ಕ್ಕೆ 16 ಮೀಟರ್ ಗಟ್ಟಿ ಅಂಗಳ ಸಿಕ್ಕೀತು. ಸಿಮೆಂಟು ಆದಷ್ಟು ಬೇಡ, ಮರದ ನೆಲವೋ ಸಿಂಥೆಟಿಕ್ಕೋ ಇರಲಿ ಅನ್ನುತ್ತೆ ನಿಯಮ, ಗೊತ್ತು. ಬಿದ್ರೆ ಮೊಣಕಾಲು ತರಚುತ್ತೆ, ಅದೂ ನಿಜ. ಆದ್ರೂ ಚೆಂಡಿನ ನಡತೆ ಅಲ್ಲೇ ಕಲಿಯೋಕಾಗೋದು, ಬಾಡಿಗೆ ಹುಲ್ಲಿನ ಮೇಲಲ್ಲ.

ನನ್ನ ನಿಜವಾದ ಸಿಟ್ಟು ಇರೋದು ನಿಯಮಗಳನ್ನ ಕೈಬಿಟ್ಟಿದ್ದಕ್ಕೆ. ನಮ್ಮ ಹುಡುಗ್ರು ಒಂದು ಟರ್ಫ್ ಟೂರ್ನಿಗೆ ಹೋಗಿದ್ರು (ಹೆಸರು ಬೇಡ ಬಿಡಿ). ಎದುರಿನವರು ಆಳು ಗಟ್ಟಿ, ಸಿಕ್ಕಿದವರನ್ನ ಕೆಡವಿದ್ದೇ ಕೆಡವಿದ್ದು. ಫೌಲ್ ಎಣಿಸೋರೇ ಇಲ್ಲ. ಕೇಳಿದ್ರೆ "ನಮ್ಮ ರೂಲ್ಸೇ ಬೇರೆ" ಅಂದ್ರಂತೆ. ಬಲೆಗೆ ಬಡಿದು ಬಂದ ಚೆಂಡೂ ಆಟದಲ್ಲೇ ಇತ್ತಂತೆ!

ಅಸಲಿ ಫುಟ್ಸಾಲ್‌ನಲ್ಲಿ ಡೈರೆಕ್ಟ್ ಫ್ರೀ ಕಿಕ್ ಕೊಡೋಂಥ ಫೌಲುಗಳು ಇಡೀ ತಂಡದ ಲೆಕ್ಕಕ್ಕೆ ಸೇರ್ತವೆ. ಒಂದು ಅರ್ಧದಲ್ಲಿ ಐದು ತನಕ ಸರಿ. ಆರನೆಯದರಿಂದ ಎದುರಾಳಿಗೆ ಗೋಡೆಯಿಲ್ಲದ ಫ್ರೀ ಕಿಕ್, ಹೆಚ್ಚೆಂದ್ರೆ 10 ಮೀಟರ್ ದೂರದಿಂದ, ಎದುರಿಗೆ ಗೋಲಿ ಒಬ್ಬನೇ. ಆಮೇಲೆ ಕೆಡವಲಿ ನೋಡೋಣ! ಪೀಚು ಹುಡುಗನನ್ನ ಕಾಯೋದು ಈ ಒಂದು ಎಣಿಕೆ.

ಟೈಮ್ ತಿನ್ನೋದೂ ಇಲ್ಲ. ಚೆಂಡು ಹೊರಗೆ ಹೋದ್ರೆ ಗಡಿಯಾರ ನಿಲ್ಲುತ್ತೆ, 20 ನಿಮಿಷ ಅಂದ್ರೆ 20 ನಿಮಿಷದ ಆಟ. ಹೊರಗೆ ಹೋದ ಚೆಂಡನ್ನ ಕೈಯಲ್ಲಿ ಎಸೆಯೋ ಹಾಗಿಲ್ಲ, ಗೆರೆ ಮೇಲಿಟ್ಟು ನಾಲ್ಕು ಸೆಕೆಂಡಿನಲ್ಲಿ ಒದೀಬೇಕು. ಗೋಲಿಯೂ ತನ್ನ ಅರ್ಧದಲ್ಲಿ ನಾಲ್ಕು ಸೆಕೆಂಡಿಗಿಂತ ಹೆಚ್ಚು ಚೆಂಡು ಇಟ್ಕೊಳ್ಳೋ ಹಾಗಿಲ್ಲ. ಆಫ್‌ಸೈಡ್ ಇಲ್ಲ. ಬದಲಿ ಆಟಗಾರರು ಎಷ್ಟು ಸಲ ಬೇಕಾದ್ರೂ ಒಳಗೆ ಹೊರಗೆ. ಅಂದ್ರೆ ಬೆಂಚಿನ ಮೇಲೆ ಕೂತು ಕೂತು ಮನೆಗೆ ಹೋಗೋ ಪಾಪದವನಿಗೂ ಆಟ ಸಿಗುತ್ತೆ. ಚೆಂಡು ತಂದವನದೇ ಆಟ ಅನ್ನೋ ನಮ್ಮ ಓಣಿ ಕಾನೂನಿಗೆ ಇದಕ್ಕಿಂತ ಮದ್ದು ಬೇಕಾ?

2016ರಲ್ಲಿ ಪ್ರೀಮಿಯರ್ ಫುಟ್ಸಾಲ್ ಅಂತ ಬಂದು, ಬೆಂಗಳೂರು ತಂಡಕ್ಕೆ ಪಾಲ್ ಸ್ಕೋಲ್ಸ್ ಆಡಿದಾಗ ಎಲ್ಲರೂ ಬಾಯಿ ಬಿಟ್ಕೊಂಡು ನೋಡಿದ್ವಿ. ಹೆಸರು ಮಾತ್ರ ಉಳೀತು. 2021ರಲ್ಲಿ ಎಐಎಫ್‌ಎಫ್ ಫುಟ್ಸಾಲ್ ಕ್ಲಬ್ ಚಾಂಪಿಯನ್‌ಶಿಪ್ ಶುರು ಮಾಡ್ತು, 2023ರಲ್ಲಿ ಭಾರತ ತಂಡ ಏಷ್ಯನ್ ಕಪ್ ಅರ್ಹತಾ ಸುತ್ತಿಗೂ ಹೋಗಿಬಂತು. ಅಲ್ಲಿ ಹೋಗಿ "ನಮ್ಮ ರೂಲ್ಸೇ ಬೇರೆ" ಅಂದ್ರೆ ಯಾರು ಕೇಳ್ತಾರ್ರೀ?

ಟೂರ್ನಿ ಮಾಡೋ ಗೆಳೆಯರೇ, ಹುಲ್ಲು ಬಿಡಿ. ಸುಣ್ಣ, ಅಳತೆ ಟೇಪು, 4ನೇ ಸೈಜಿನ ಚೆಂಡು, 3 ಮೀಟರ್ ಅಗಲ 2 ಮೀಟರ್ ಎತ್ತರದ ಎರಡು ಗೋಲು ತನ್ನಿ. ಮತ್ತೆ ಸ್ಕೋರ್ ಬರೆಯೋನ ಪಕ್ಕ ಫೌಲ್ ಬರೆಯೋಕೆ ಇನ್ನೊಬ್ಬನನ್ನ ಕೂರಿಸಿ, ಮರೀಬೇಡಿ.